ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ: ಡೆಲಿವರಿ ಚಾಲಕರ ವೇತನ ವ್ಯಾಜ್ಯಗಳಿಂದ ನಾವು ಕಲಿಯುವ ಪಾಠ



ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಸಂಘದ ಸದಸ್ಯೆಯೊಬ್ಬರು ಫೋನ್ ಮಾಡಿದರು. ಅವರ ಮಗ ಬೆಂಗಳೂರಿನಲ್ಲಿ ಒಬ್ಬ ಗುತ್ತಿಗೆದಾರರ ಹತ್ತಿರ ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದ. ಎರಡು ವರ್ಷ ದುಡಿದು ಕೆಲಸ ಬಿಟ್ಟಿದ್ದ. ಕೊನೆಯ ತಿಂಗಳ ಸಂಬಳ ಬಂದಿರಲಿಲ್ಲ. ಹೊತ್ತು ಮೀರಿ ದುಡಿದದ್ದಕ್ಕೆ ಯಾವತ್ತೂ ಒಂದು ರೂಪಾಯಿ ಕೊಟ್ಟಿರಲಿಲ್ಲ. ಕೇಳಲು ಹೋದರೆ, "ಒಂಬತ್ತು ಸಾವಿರ ಕೊಡ್ತೇವೆ, ಈ ಕಾಗದಕ್ಕೆ ಸಹಿ ಹಾಕು, ಲೆಕ್ಕ ಚುಕ್ತಾ" ಅಂದರಂತೆ.

"ಸಿಸ್ಟರ್, ಸಹಿ ಹಾಕಲಿ ಅಂತ ಹೇಳಲಾ? ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದೀತು ಅಂತ ಅವರಪ್ಪ ಹೇಳ್ತಾರೆ" ಎಂದು ಆ ತಾಯಿ ಕೇಳಿದರು.

"ನಾಳೆವರೆಗೆ ತಡೀರಿ ಅಮ್ಮಾ, ಮೊದಲು ಆ ಕಾಗದದಲ್ಲಿ ಏನು ಬರೆದಿದೆ ನೋಡೋಣ" ಅಂದೆ. ಆ ಕಾಗದದ ಕಥೆಯನ್ನು ಪಾಠದ ಕೊನೆಗೆ ಹೇಳುತ್ತೇನೆ.

ಈ ಪ್ರಶ್ನೆ ಒಬ್ಬ ತಾಯಿಯದ್ದು ಮಾತ್ರ ಅಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು, ಗಂಡಂದಿರು ಇವತ್ತು ಊಟ, ದಿನಸಿ, ಪಾರ್ಸೆಲ್ ತಲುಪಿಸುವ ಕೆಲಸದಲ್ಲಿದ್ದಾರೆ. ಅವರ ಬೈಕಿಗೆ ಸಂಘದಿಂದ ಸಾಲ ತೆಗೆದವರು ನಾವೇ. ಹಾಗಾಗಿ ಈ ತಿಂಗಳ ಪಾಠಕ್ಕೆ "ರಾಜಿ" ಎಂಬ ವಿಷಯವನ್ನು ಆರಿಸಿಕೊಂಡಿದ್ದೇನೆ. ಈ ವಿಷಯದಲ್ಲಿ ದೊಡ್ಡ ದೊಡ್ಡ ವ್ಯಾಜ್ಯಗಳು ನಡೆದದ್ದು ಅಮೇರಿಕಾ ದೇಶದಲ್ಲಿ. ದೇಶ ಬೇರೆ, ಕಾನೂನು ಬೇರೆ, ಆದರೂ ಆ ಚಾಲಕರ ಕಷ್ಟವನ್ನು ಕೇಳಿದರೆ ನಮ್ಮ ಮನೆಯ ಕಥೆಯೇ ಅನ್ನಿಸುತ್ತದೆ.

ಈ ಪಾಠದ ಉದ್ದೇಶ

1. ಸಂಬಳ ಮತ್ತು ಕೆಲಸದ ಗಂಟೆಯ ವ್ಯಾಜ್ಯ ಎಂದರೇನು ಎಂದು ತಿಳಿಯುವುದು.
2. ರಾಜಿ ಹೇಗೆ ನಡೆಯುತ್ತದೆ, ಹಣ ಹೇಗೆ ಹಂಚಿಕೆಯಾಗುತ್ತದೆ ಎಂದು ತಿಳಿಯುವುದು.
3. ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ ಏನು ನೋಡಬೇಕು ಎಂದು ಕಲಿಯುವುದು.

ಜಗಳ ಯಾವುದರ ಮೇಲೆ?

ಅಮೇರಿಕಾದಲ್ಲಿ 1938ರಲ್ಲಿ ಒಂದು ಕಾರ್ಮಿಕ ಕಾನೂನು ಬಂತು. ಅದರ ಪ್ರಕಾರ ಕಾರ್ಮಿಕನಿಗೆ ಗಂಟೆಗೆ ಇಷ್ಟು ಎಂದು ಕನಿಷ್ಠ ಕೂಲಿ ಕೊಡಲೇಬೇಕು. ವಾರಕ್ಕೆ 40 ಗಂಟೆಗಿಂತ ಹೆಚ್ಚು ದುಡಿಸಿಕೊಂಡರೆ, ಆ ಹೆಚ್ಚಿನ ಗಂಟೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಕೊಡದೆ ಉಳಿಸಿಕೊಂಡ ಮಾಲೀಕ ಬಾಕಿಯ ಜೊತೆಗೆ ಅಷ್ಟೇ ಮೊತ್ತವನ್ನು ಪರಿಹಾರವಾಗಿ ಕೊಡಬೇಕಾಗಬಹುದು, ಅಂದರೆ ಒಟ್ಟು ಎರಡು ಪಟ್ಟು. ಸಾಮಾನ್ಯವಾಗಿ ಎರಡು ವರ್ಷದೊಳಗೆ ಕೇಸು ಹಾಕಬೇಕು. ಮಾಲೀಕ ಗೊತ್ತಿದ್ದೂ ತಪ್ಪು ಮಾಡಿದ್ದರೆ ಮೂರು ವರ್ಷದ ಅವಕಾಶ ಇದೆ.

ಇಷ್ಟೆಲ್ಲ ಇದ್ದ ಮೇಲೆ ಜಗಳ ಯಾಕೆ? ಈ ಕಾನೂನು ಇರುವುದು "ನೌಕರ"ನಿಗೆ ಮಾತ್ರ. "ನೀನು ನಮ್ಮ ನೌಕರ ಅಲ್ಲ, ಸ್ವತಂತ್ರ ಗುತ್ತಿಗೆದಾರ, ನಿನ್ನ ವ್ಯಾಪಾರಕ್ಕೆ ನೀನೇ ಯಜಮಾನ" ಎಂದು ಕಾಗದದಲ್ಲಿ ಬರೆಸಿಕೊಂಡರೆ ಕನಿಷ್ಠ ಕೂಲಿ ಇಲ್ಲ, ಹೆಚ್ಚಿನ ಗಂಟೆಯ ಕೂಲಿ ಇಲ್ಲ. ಗಾಡಿಯ ಖರ್ಚೂ ಚಾಲಕನದ್ದೇ. ನಮ್ಮಲ್ಲಿ "ಪಾರ್ಟ್ನರ್" ಅಂತಾರಲ್ಲ, ಹೆಚ್ಚುಕಮ್ಮಿ ಅದೇ ರೀತಿ.

ಖರ್ಚು ಚಾಲಕನ ತಲೆಗೆ ಬಂದರೆ ಏನಾಗುತ್ತದೆ? ಒಂದು ಉದಾಹರಣೆ ಲೆಕ್ಕ ಹಾಕೋಣ. ಒಬ್ಬ ಹುಡುಗ ಬೈಕಿನಲ್ಲಿ ಡೆಲಿವರಿ ಮಾಡಿ ತಿಂಗಳಿಗೆ 24,000 ರೂಪಾಯಿ ಪಡೆಯುತ್ತಾನೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 11 ಗಂಟೆಯಂತೆ 26 ದಿನ, ಒಟ್ಟು 286 ಗಂಟೆ ದುಡಿಮೆ. ಗಂಟೆಗೆ ಸುಮಾರು 84 ರೂಪಾಯಿ ಅಂತ ಕಾಣುತ್ತದೆ. ಈಗ ಪೆಟ್ರೋಲಿಗೆ 6,000, ಬೈಕಿನ ಕಂತು 3,500, ರಿಪೇರಿ 1,000, ಮೊಬೈಲ್ ಕರೆನ್ಸಿ 300 ಕಳೆಯಿರಿ. ಉಳಿದದ್ದು 13,200. ಗಂಟೆಗೆ 46 ರೂಪಾಯಿ ಮಾತ್ರ! ಈ ಲೆಕ್ಕವನ್ನು ನಿಮ್ಮ ಮನೆಯಲ್ಲೂ ಒಮ್ಮೆ ಹಾಕಿ ನೋಡಿ.

ಫೆಡೆಕ್ಸ್ ಚಾಲಕರ ಕಥೆ

ಫೆಡೆಕ್ಸ್ ಎಂಬುದು ಪಾರ್ಸೆಲ್ ಸಾಗಿಸುವ ದೊಡ್ಡ ಅಮೇರಿಕನ್ ಕಂಪನಿ. ಅದರ "ಫೆಡೆಕ್ಸ್ ಗ್ರೌಂಡ್" ವಿಭಾಗದ ಚಾಲಕರನ್ನು ಕಂಪನಿ ಸ್ವತಂತ್ರ ಗುತ್ತಿಗೆದಾರರು ಎಂದು ಕರೆಯುತ್ತಿತ್ತು. ಗಾಡಿ ಅವರೇ ತರಬೇಕು. ಇಂಧನ, ರಿಪೇರಿ, ವಿಮೆ, ಸಮವಸ್ತ್ರ ಎಲ್ಲ ಅವರದೇ ಖರ್ಚು.

ಆದರೆ ಹೆಸರಿಗೆ ಮಾತ್ರ ಸ್ವತಂತ್ರರು. ಗಾಡಿಗೆ ಯಾವ ಬಿಳಿ ಬಣ್ಣ ಹೊಡೆಯಬೇಕು, ಒಳಗೆ ಪಾರ್ಸೆಲ್ ಇಡುವ ಹಲಗೆ ಯಾವ ಅಳತೆಯದ್ದು ಇರಬೇಕು ಎಂಬುದನ್ನೂ ಕಂಪನಿಯೇ ಹೇಳುತ್ತಿತ್ತು. ಯಾವ ಬಟ್ಟೆ ಹಾಕಬೇಕು, ಕೂದಲು, ಗಡ್ಡ ಹೇಗಿರಬೇಕು ಎಂಬುದಕ್ಕೂ ನಿಯಮ ಇತ್ತು. ದಿನಕ್ಕೆ ಒಂಬತ್ತೂವರೆಯಿಂದ ಹನ್ನೊಂದು ಗಂಟೆ ಕೆಲಸ ಆಗುವಷ್ಟು ಪಾರ್ಸೆಲ್ ಕೊಡುತ್ತಿದ್ದರು ಎಂದು ನ್ಯಾಯಾಲಯವೇ ತನ್ನ ತೀರ್ಪಿನಲ್ಲಿ ಬರೆದಿದೆ.

ಕ್ಯಾಲಿಫೋರ್ನಿಯಾ ರಾಜ್ಯದ ಚಾಲಕರು 2005ರಲ್ಲಿ ಕೇಸು ಹಾಕಿದರು. 2000ದಿಂದ 2007ರವರೆಗೆ ದುಡಿದ ಸುಮಾರು 2,300 ಮಂದಿಯ ಪರವಾಗಿ ಅದು ಗುಂಪು ದಾವೆಯಾಗಿ ನಡೆಯಿತು. ಬೇರೆ ಬೇರೆ ರಾಜ್ಯಗಳ ಇಂಥದ್ದೇ ಕೇಸುಗಳನ್ನೂ ಸೇರಿಸಿ ಇಂಡಿಯಾನಾ ರಾಜ್ಯದ ಒಂದು ನ್ಯಾಯಾಲಯಕ್ಕೆ ಕೊಟ್ಟರು. 2010ರಲ್ಲಿ ಅಲ್ಲಿ ಹೆಚ್ಚಿನ ಚಾಲಕರು ಸೋತರು. ಐದು ವರ್ಷ ಕಾದ ಮೇಲೆ ಸೋಲು! ಎಷ್ಟೋ ಮಂದಿ ಮನಸ್ಸು ಬಿಟ್ಟಿರಬಹುದು. ಆದರೂ ಮೇಲ್ಮನವಿ ಹಾಕಿದರು. 2014ರ ಆಗಸ್ಟ್ 27ರಂದು ಮೇಲಿನ ನ್ಯಾಯಾಲಯ ಕ್ಯಾಲಿಫೋರ್ನಿಯಾದ ಚಾಲಕರ ಪರವಾಗಿ ತೀರ್ಪು ಕೊಟ್ಟಿತು. ಆ ರಾಜ್ಯದ ಕಾನೂನಿನ ಪ್ರಕಾರ ಇವರು ನೌಕರರೇ ಎಂದಿತು.

ಆ ತೀರ್ಪಿಗೆ ಸಹಮತ ಬರೆದ ನ್ಯಾಯಾಧೀಶ ಸ್ಟೀಫನ್ ಟ್ರಾಟ್ ಅವರು ಅಬ್ರಹಾಂ ಲಿಂಕನ್ ಹೇಳುತ್ತಿದ್ದರು ಎನ್ನಲಾದ ಒಂದು ಒಗಟನ್ನು ನೆನಪಿಸಿದರು. ನಾಯಿಯ ಬಾಲವನ್ನೂ ಕಾಲು ಎಂದು ಕರೆದರೆ ನಾಯಿಗೆ ಎಷ್ಟು ಕಾಲು? ಐದು ಅಂತೀರಾ? ಅಲ್ಲ, ನಾಲ್ಕೇ. ನಾವು ಕಾಲು ಅಂದ ಮಾತ್ರಕ್ಕೆ ಬಾಲ ಕಾಲಾಗುವುದಿಲ್ಲ. ಹಾಗೆಯೇ ಕಾಗದದಲ್ಲಿ ಗುತ್ತಿಗೆದಾರ ಎಂದು ಬರೆದ ಮಾತ್ರಕ್ಕೆ ನೌಕರ ಗುತ್ತಿಗೆದಾರನಾಗುವುದಿಲ್ಲ. ಸಹೋದರಿಯರೇ, ಈ ಒಂದು ಮಾತನ್ನು ಮನೆಯವರಿಗೆಲ್ಲ ಹೇಳಿ.

ಗೆದ್ದ ಮೇಲೂ ರಾಜಿ ಯಾಕೆ?

ಆ ತೀರ್ಪು ಬಂದ ಮರುವರ್ಷ, 2015ರ ಜೂನ್ ತಿಂಗಳಲ್ಲಿ ಎರಡೂ ಕಡೆಯವರು ರಾಜಿಗೆ ಬಂದರು. ಕಂಪನಿ 22 ಕೋಟಿ 80 ಲಕ್ಷ ಡಾಲರ್ ಕೊಡಲು ಒಪ್ಪಿತು. 2016ರಲ್ಲಿ ನ್ಯಾಯಾಲಯ ಅದಕ್ಕೆ ಅಂತಿಮ ಒಪ್ಪಿಗೆ ಕೊಟ್ಟಿತು. ಕೇಸು ಹಾಕಿ ಹನ್ನೊಂದು ವರ್ಷ ಆಗಿತ್ತು.

ಗೆದ್ದವರು ಯಾಕೆ ರಾಜಿಯಾದರು ಎಂದು ನೀವು ಕೇಳಬಹುದು. "ನೌಕರರು ಹೌದು" ಎಂದು ತೀರ್ಮಾನವಾಗಿತ್ತು ನಿಜ. ಆದರೆ ಯಾರಿಗೆ ಎಷ್ಟು ಗಂಟೆಯ ಬಾಕಿ, ಯಾರ ಗಾಡಿ ಖರ್ಚು ಎಷ್ಟು ಎಂಬ ಲೆಕ್ಕ ಇನ್ನೂ ಆಗಿರಲಿಲ್ಲ. ಅದನ್ನು ಸಾಕ್ಷಿ ಇಟ್ಟು ಸಾಬೀತು ಮಾಡಬೇಕು. ಮೇಲ್ಮನವಿ ಮತ್ತೆ ಬರಬಹುದು. "ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ" ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಂಪನಿಗೂ ಭಯ ಇರುತ್ತದೆ: ತೀರ್ಪು ಬಂದರೆ ಇನ್ನೂ ಹೆಚ್ಚು ಕೊಡಬೇಕಾದೀತು. ಎರಡೂ ಕಡೆ ಭಯ ಇದ್ದಾಗ ರಾಜಿ ಹುಟ್ಟುತ್ತದೆ. ಒಂದೇ ಕಡೆ ಭಯ ಇದ್ದರೆ ಅದಕ್ಕೆ ರಾಜಿ ಅನ್ನಬಾರದು, ಅದು ಶರಣಾಗತಿ.

ಅದೇ 2016ರಲ್ಲಿ ಫೆಡೆಕ್ಸ್ ಇನ್ನೂ 20 ರಾಜ್ಯಗಳ ಸುಮಾರು 12,000 ಚಾಲಕರ ಜೊತೆ 24 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ತಲೆಲೆಕ್ಕ ಹಾಕಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಫೀಸು ಕಳೆಯುವ ಮೊದಲು ಒಬ್ಬರಿಗೆ ಸರಾಸರಿ ಸುಮಾರು 99,000 ಡಾಲರ್. ಉಳಿದ ರಾಜ್ಯಗಳಲ್ಲಿ ಸರಾಸರಿ 20,000 ಡಾಲರ್. ಕಂಪನಿ ಒಂದೇ, ಕೆಲಸ ಒಂದೇ ತರಹದ್ದು. ಮತ್ತೆ ಯಾಕೆ ಇಷ್ಟು ವ್ಯತ್ಯಾಸ? ಒಂದೊಂದು ರಾಜ್ಯದ ಕಾನೂನು ಒಂದೊಂದು ರೀತಿ. ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ಖರ್ಚನ್ನು ಮಾಲೀಕನೇ ಭರಿಸಬೇಕು ಎಂಬ ಗಟ್ಟಿ ಕಾನೂನು ಇದೆ, ದಿನಕ್ಕೆ ಎಂಟು ಗಂಟೆ ದಾಟಿದರೂ ಹೆಚ್ಚುವರಿ ಕೂಲಿ ಇದೆ, ಜೊತೆಗೆ ಚಾಲಕರ ಕೈಯಲ್ಲಿ ಗೆದ್ದ ತೀರ್ಪು ಇತ್ತು. ನಮ್ಮ ಕೈಯಲ್ಲಿ ಆಧಾರ ಎಷ್ಟು ಗಟ್ಟಿಯೋ, ರಾಜಿಯ ಮೊತ್ತವೂ ಅಷ್ಟು ದೊಡ್ಡದು.

ಒಂದು ಬೇಸರದ ವಿಷಯವನ್ನೂ ಹೇಳಬೇಕು. ರಾಜಿಯಿಂದ ಹಳೆಯ ಬಾಕಿ ತೀರಿತು. ಅಷ್ಟರೊಳಗೆ ಕಂಪನಿ ಪದ್ಧತಿಯನ್ನೇ ಬದಲಿಸಿತ್ತು. ಒಬ್ಬೊಬ್ಬ ಚಾಲಕನ ಜೊತೆ ಒಪ್ಪಂದ ಮಾಡುವ ಬದಲು, ಚಾಲಕರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಸಣ್ಣ ಗುತ್ತಿಗೆ ಸಂಸ್ಥೆಗಳ ಜೊತೆ ಒಪ್ಪಂದ ಮಾಡತೊಡಗಿತು. ರಾಜಿ ನಿನ್ನೆಯ ಲೆಕ್ಕವನ್ನು ತೀರಿಸುತ್ತದೆ, ನಾಳೆಯ ಬದುಕನ್ನು ಅದೊಂದೇ ಸರಿಮಾಡುವುದಿಲ್ಲ.

ರಾಜಿ ನಡೆಯುವ ಹಂತಗಳು

ಗುಂಪು ದಾವೆಯಲ್ಲಿ ವಕೀಲರೂ ಕಂಪನಿಯೂ ಕೂತು ಮಾತಾಡಿದರೆ ಮುಗಿಯಿತು ಅಂತಲ್ಲ. ಅಮೇರಿಕಾದಲ್ಲಿ ಅದಕ್ಕೆ ಕ್ರಮ ಇದೆ.

1. ಮೊದಲು ಸಂಧಾನಕಾರರೊಬ್ಬರ ಎದುರು ಎರಡೂ ಕಡೆಯವರು ಮಾತುಕತೆ ನಡೆಸಿ ಕರಡು ಒಪ್ಪಂದ ಬರೆಯುತ್ತಾರೆ.
2. ಅದನ್ನು ನ್ಯಾಯಾಧೀಶರು ಓದಿ ಪ್ರಾಥಮಿಕ ಒಪ್ಪಿಗೆ ಕೊಡುತ್ತಾರೆ.
3. ಗುಂಪಿನ ಪ್ರತಿಯೊಬ್ಬ ಚಾಲಕನಿಗೂ ನೋಟಿಸು ಹೋಗುತ್ತದೆ. ಎಷ್ಟು ಹಣ, ಯಾವ ಹಕ್ಕು ಬಿಟ್ಟುಕೊಡಬೇಕು, ವಕೀಲರಿಗೆ ಎಷ್ಟು ಎಂದು ಅದರಲ್ಲಿ ಬರೆದಿರಬೇಕು.
4. ಒಪ್ಪದವರು ಹೊರಗೆ ಉಳಿಯಬಹುದು, ಅಥವಾ ಆಕ್ಷೇಪಣೆ ಬರೆದು ಕೊಡಬಹುದು.
5. ಕೊನೆಗೆ ತೆರೆದ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿ, ಈ ರಾಜಿ ನ್ಯಾಯವಾಗಿದೆಯೇ ಎಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಆಮೇಲೆ ಚೆಕ್ಕು ಬರುತ್ತದೆ.

ನಮ್ಮ ಸಂಘದಲ್ಲಿ ಸಾಲದ ಅರ್ಜಿ ಬಂದರೆ ಏನು ಮಾಡುತ್ತೇವೆ? ಸಭೆಯಲ್ಲಿ ಓದುತ್ತೇವೆ, ಎಲ್ಲರನ್ನೂ ಕೇಳುತ್ತೇವೆ, ನಿರ್ಣಯ ಪುಸ್ತಕದಲ್ಲಿ ಬರೆಯುತ್ತೇವೆ, ಸಹಿ ಹಾಕುತ್ತೇವೆ. ಅಧ್ಯಕ್ಷೆ ಒಬ್ಬರೇ ಮನೆಯಲ್ಲಿ ಕೂತು ತೀರ್ಮಾನ ಮಾಡಿದರೆ ಒಪ್ಪುತ್ತೇವೆಯೇ? ಇಲ್ಲಿಯೂ ಅದೇ ನ್ಯಾಯ.

ಇನ್ನೊಂದು ಮಾತು. ಆ 1938ರ ಕಾನೂನಿನ ಹಕ್ಕನ್ನು ಕಾರ್ಮಿಕ ಮಾಲೀಕನ ಜೊತೆ ಗುಟ್ಟಾಗಿ ಕಾಗದ ಬರೆದು ಬಿಟ್ಟುಕೊಡುವಂತಿಲ್ಲ. ಇದಕ್ಕೆ ಬುನಾದಿ ಹಾಕಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಬ್ಯಾಂಕಿನ ರಾತ್ರಿ ಕಾವಲುಗಾರನ ಕೇಸು. ಅವನಿಗೆ ಹೆಚ್ಚಿನ ಗಂಟೆಯ ಬಾಕಿ 423 ಡಾಲರ್ ಕೊಟ್ಟು, ಇನ್ನೇನೂ ಕೇಳುವುದಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದರು. ಕಾನೂನಿನಂತೆ ಬರಬೇಕಾದ ಪರಿಹಾರದ ಮೊತ್ತ ಕೊಟ್ಟಿರಲಿಲ್ಲ. ಅವನು ಕೇಸು ಹಾಕಿದ. 1945ರಲ್ಲಿ ಅಮೇರಿಕಾದ ಸುಪ್ರೀಂ ಕೋರ್ಟು ಆ ಸಹಿ ಅವನ ಹಕ್ಕನ್ನು ಕಸಿಯಲಾರದು ಎಂದಿತು. ಹಸಿದವನಿಗೆ ಚೌಕಾಸಿ ಮಾಡುವ ಶಕ್ತಿ ಕಡಿಮೆ, ಹಾಗಾಗಿ ಅವನ ಹಕ್ಕನ್ನು ಕಾನೂನು ಕಾಯಬೇಕು ಎಂಬುದು ಇದರ ಹಿಂದಿನ ತಿಳುವಳಿಕೆ.

ಹಣ ಹೇಗೆ ಹಂಚಿಕೆಯಾಗುತ್ತದೆ?

ಪೇಪರಿನಲ್ಲಿ "ಕೋಟಿ ಕೋಟಿ ಪರಿಹಾರ" ಎಂದು ಓದಿದರೆ ಎಲ್ಲರೂ ಶ್ರೀಮಂತರಾದರು ಅನ್ನಿಸುತ್ತದೆ. ಹಾಗಲ್ಲ. ಮೊದಲು ವಕೀಲರ ಫೀಸು ಹೋಗುತ್ತದೆ. ಕ್ಯಾಲಿಫೋರ್ನಿಯಾ ಭಾಗದ ಫೆಡರಲ್ ನ್ಯಾಯಾಲಯಗಳು ಸಾಮಾನ್ಯವಾಗಿ ನೂರಕ್ಕೆ 25 ಎಂಬ ಅಂದಾಜಿನಿಂದ ಹೊರಟು, ಕೇಸು ನೋಡಿ ಹೆಚ್ಚು ಕಡಿಮೆ ಮಾಡುತ್ತವೆ. ಮತ್ತೆ ಹಂಚಿಕೆಯ ಖರ್ಚು. ಮುಂದೆ ನಿಂತು ಹೆಸರು ಕೊಟ್ಟು ಕೇಸು ನಡೆಸಿದವರಿಗೆ ಸ್ವಲ್ಪ ಗೌರವಧನ. ಉಳಿದದ್ದು ಎಲ್ಲರಿಗೂ, ಹೆಚ್ಚಾಗಿ ಎಷ್ಟು ವಾರ ದುಡಿದಿದ್ದಾರೆ ಎಂಬ ಲೆಕ್ಕದಲ್ಲಿ.

ಒಂದು ಸಣ್ಣ ಉದಾಹರಣೆ. ಹತ್ತು ಚಾಲಕರಿಗೆ ಒಟ್ಟು 1,00,000 ರೂಪಾಯಿಯ ರಾಜಿ ಆಯಿತು ಅಂದುಕೊಳ್ಳಿ. ವಕೀಲರಿಗೆ 25,000, ಇತರ ಖರ್ಚು 3,000. ಉಳಿಯಿತು 72,000. ಹತ್ತೂ ಜನ ದುಡಿದ ವಾರಗಳನ್ನು ಕೂಡಿದರೆ 600 ವಾರ. ಒಂದು ವಾರಕ್ಕೆ 120 ರೂಪಾಯಿ ಬಿತ್ತು. 100 ವಾರ ದುಡಿದವನಿಗೆ 12,000. 20 ವಾರ ದುಡಿದವನಿಗೆ 2,400. ಎಷ್ಟು ವಾರ ದುಡಿದೆ ಎಂಬ ದಾಖಲೆ ಯಾಕೆ ಬೇಕು ಎಂದು ಈಗ ಗೊತ್ತಾಯಿತಲ್ಲ?

ನ್ಯಾಯಾಧೀಶರು "ಬೇಡ" ಎಂದ ರಾಜಿ

ಉಬರ್ ಟ್ಯಾಕ್ಸಿ ಕಂಪನಿಯ ಹೆಸರು ಕೇಳಿದ್ದೀರಿ. ಅವರ ಚಾಲಕರದ್ದು ಪಾರ್ಸೆಲ್ ಅಲ್ಲ, ಪ್ರಯಾಣಿಕರ ಕೆಲಸ. ಆದರೆ ಜಗಳ ಅದೇ. 2016ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾ ಮತ್ತು ಮೆಸಚೂಸೆಟ್ಸ್ ರಾಜ್ಯಗಳ ಸುಮಾರು 3,85,000 ಚಾಲಕರ ಪರವಾಗಿ 10 ಕೋಟಿ ಡಾಲರಿನ ರಾಜಿ ಪ್ರಕಟವಾಯಿತು. ಅದರಲ್ಲಿ ಖಚಿತವಾಗಿ ಸಿಗುವುದು 8 ಕೋಟಿ 40 ಲಕ್ಷ. ಉಳಿದದ್ದು ಮುಂದೆ ಕಂಪನಿಯ ಬೆಲೆ ಏರಿದರೆ ಮಾತ್ರ. ಚಾಲಕರು ಗುತ್ತಿಗೆದಾರರಾಗಿಯೇ ಮುಂದುವರಿಯಬೇಕಿತ್ತು.

ನ್ಯಾಯಾಧೀಶ ಎಡ್ವರ್ಡ್ ಚೆನ್ ಆಗಸ್ಟ್ ತಿಂಗಳಲ್ಲಿ ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಕಾರ್ಮಿಕ ಕಾನೂನು ಮುರಿದದ್ದಕ್ಕೆ ನೂರು ಕೋಟಿ ಡಾಲರಿಗೂ ಮೀರಿ ದಂಡ ಬರಬಹುದಾದ ಒಂದು ಬೇಡಿಕೆಯನ್ನು ಈ ರಾಜಿಯಲ್ಲಿ ಹತ್ತು ಲಕ್ಷ ಡಾಲರಿಗೆ ಬಿಟ್ಟುಕೊಟ್ಟಿದ್ದರು. ಸಾವಿರ ರೂಪಾಯಿಯ ಬಾಕಿಗೆ ಒಂದು ರೂಪಾಯಿ ತೆಗೆದುಕೊಂಡ ಹಾಗೆ! ಫೆಡೆಕ್ಸ್ ರಾಜಿಗೆ ಒಪ್ಪಿಗೆ ಕೊಟ್ಟವರೂ ಇದೇ ನ್ಯಾಯಾಧೀಶರು. ಅಂದರೆ ಅವರು ರಾಜಿಯ ವಿರೋಧಿ ಅಲ್ಲ, ತೂಕ ನೋಡಿದರು.

ಆಮೇಲೆ ಏನಾಯಿತು? ಹೆಚ್ಚಿನ ಚಾಲಕರು ಕೆಲಸಕ್ಕೆ ಸೇರುವಾಗ ಒಪ್ಪಿದ ಕರಾರಿನಲ್ಲಿ ಒಂದು ಸಾಲು ಇತ್ತು: ತಕರಾರು ಬಂದರೆ ಕೋರ್ಟಿಗೆ ಹೋಗದೆ ಒಬ್ಬೊಬ್ಬರೇ ಮಧ್ಯಸ್ಥಗಾರರ ಮುಂದೆ ಹೋಗಬೇಕು. 2018ರಲ್ಲಿ ಮೇಲಿನ ನ್ಯಾಯಾಲಯ ಆ ಸಾಲು ಊರ್ಜಿತ ಎಂದಿತು. ಗುಂಪು ಒಡೆದುಹೋಯಿತು. 2019ರಲ್ಲಿ ಉಳಿದ ಸುಮಾರು 13,600 ಚಾಲಕರಿಗೆ 2 ಕೋಟಿ ಡಾಲರಿನ ರಾಜಿ ಆಯಿತು. ಫೀಸು ಕಳೆಯುವ ಮೊದಲು ತಲೆಗೆ ಸರಾಸರಿ 1,470 ಡಾಲರ್. ಮೊದಲಿನ ರಾಜಿಯ ಖಚಿತ ಹಣ ತಲೆಗೆ ಸರಾಸರಿ 218 ಡಾಲರ್ ಮಾತ್ರ ಆಗುತ್ತಿತ್ತು. ಒಳಗೆ ಉಳಿದವರಿಗೆ ಹೆಚ್ಚು ಸಿಕ್ಕಿತು, ಆದರೆ ಲಕ್ಷಾಂತರ ಮಂದಿ ಹೊರಗೆ ಉಳಿದರು.

ಹೊರಗೆ ಉಳಿದವರಲ್ಲಿ ಹಲವರು ಸುಮ್ಮನೆ ಕೂರಲಿಲ್ಲ. "ಒಬ್ಬೊಬ್ಬರೇ ಬನ್ನಿ ಅಂದಿರಲ್ಲ, ಎಲ್ಲರೂ ಒಬ್ಬೊಬ್ಬರಾಗಿಯೇ ಬರ್ತೇವೆ" ಎಂಬ ಹಾಗೆ 60,000ಕ್ಕೂ ಹೆಚ್ಚು ಚಾಲಕರು ಬೇರೆ ಬೇರೆ ಅರ್ಜಿ ಹಾಕಿದರು ಅಥವಾ ಹಾಕುವುದಾಗಿ ತಿಳಿಸಿದರು. 2019ರಲ್ಲಿ ಕಂಪನಿ ಅವರಲ್ಲಿ ಹೆಚ್ಚಿನವರ ಜೊತೆಯೂ ರಾಜಿಗೆ ಬಂದು, ಒಟ್ಟು ಖರ್ಚು 14 ಕೋಟಿ 60 ಲಕ್ಷದಿಂದ 17 ಕೋಟಿ ಡಾಲರ್ ಆಗಬಹುದು ಎಂದು ಹೇಳಿತು. ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ಸ್ವಸಹಾಯ ಸಂಘದವರಿಗೆ ನಾನು ಬೇರೆ ಹೇಳಿಕೊಡಬೇಕೇ?

ಎರಡು ಪಾಠ ಇಲ್ಲಿವೆ. ಒಂದು, ಮೊತ್ತ ದೊಡ್ಡದು ಎಂದು ರಾಜಿ ಒಳ್ಳೆಯದು ಅಂತಲ್ಲ. ತಲೆಗೆ ಎಷ್ಟು, ನಿಜವಾದ ಬಾಕಿ ಎಷ್ಟು ಎಂದು ನೋಡಬೇಕು. ಎರಡು, ಕೆಲಸಕ್ಕೆ ಸೇರುವ ದಿನ ಓದದೆ ಒಪ್ಪಿದ ಒಂದು ಸಾಲು ವರ್ಷಗಳ ನಂತರ ಬಾಗಿಲು ಮುಚ್ಚಬಹುದು.

ಟಿಪ್ಸ್ ಹಣ ಎಲ್ಲಿ ಹೋಯಿತು?

ಅಮೆಜಾನ್ ಕಂಪನಿಗೆ "ಫ್ಲೆಕ್ಸ್" ಎಂಬ ಡೆಲಿವರಿ ವ್ಯವಸ್ಥೆ ಇದೆ. ಅಮೇರಿಕಾದಲ್ಲಿ ಚಾಲಕರಿಗೆ ಗಂಟೆಗೆ 18ರಿಂದ 25 ಡಾಲರ್, ಜೊತೆಗೆ ಗ್ರಾಹಕರು ಕೊಟ್ಟ ಟಿಪ್ಸ್ ಪೂರ್ತಿ ಎಂದು ಹೇಳಿದ್ದರು. ಆದರೆ 2016ರ ಕೊನೆಯಿಂದ 2019ರ ಆಗಸ್ಟ್‌ವರೆಗೆ ಕಂಪನಿ ತಾನು ಕೊಡುವ ಕೂಲಿಯ ಒಂದು ಭಾಗವನ್ನು ಆ ಟಿಪ್ಸ್ ಹಣದಿಂದಲೇ ತುಂಬಿತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಮಾಡಿತು. ಮೊಬೈಲಿನಲ್ಲಿ ಕೂಲಿ ಮತ್ತು ಟಿಪ್ಸ್ ಸೇರಿಸಿ ಒಂದೇ ಮೊತ್ತ ತೋರಿಸುತ್ತಿದ್ದರಿಂದ ಸುಲಭವಾಗಿ ಗೊತ್ತಾಗುತ್ತಿರಲಿಲ್ಲ. ಅನುಮಾನ ಬಂದ ಚಾಲಕರು ದೂರು ಕೊಡುತ್ತಾ ಹೋದರು.

2021ರ ಫೆಬ್ರವರಿಯಲ್ಲಿ ಕಂಪನಿ 6 ಕೋಟಿ 17 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಅದೇ ನವೆಂಬರ್‌ನಲ್ಲಿ 1,40,000ಕ್ಕೂ ಹೆಚ್ಚು ಚಾಲಕರಿಗೆ ಹಣ ಹೋಯಿತು. ಸರಾಸರಿ 422 ಡಾಲರ್, ಅತಿ ಹೆಚ್ಚು ಸಿಕ್ಕವರಿಗೆ 28,000ಕ್ಕೂ ಮೀರಿ. ಇಲ್ಲಿ ಚಾಲಕರು ಸ್ವಂತ ವಕೀಲರನ್ನು ಇಡಬೇಕಾಗಲಿಲ್ಲ, ಸರ್ಕಾರಿ ಸಂಸ್ಥೆಯೇ ಅವರ ಪರ ನಿಂತಿತು. ದೂರು ಕೊಡುವುದು ವ್ಯರ್ಥ ಅಂದುಕೊಳ್ಳಬೇಡಿ.

ನಮ್ಮಲ್ಲಿ ಏನಿದೆ?

ಕರ್ನಾಟಕದಲ್ಲಿ ಆಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಬಂದಿದೆ. ಕಾರ್ಮಿಕರ ನೋಂದಣಿ, ಕಲ್ಯಾಣ ಮಂಡಳಿ, ಕಂಪನಿಗಳಿಂದ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ದೂರು ಕೇಳುವ ವ್ಯವಸ್ಥೆ ಇವೆಲ್ಲ ಅದರಲ್ಲಿವೆ. ಕೆಲಸದಿಂದ ತೆಗೆಯಬೇಕಾದರೆ ಕಾರಣ ಹೇಳಿ 14 ದಿನ ಮೊದಲು ನೋಟಿಸು ಕೊಡಬೇಕು ಎಂಬ ನಿಯಮವೂ ಇದೆ. ಇದು ಭದ್ರತೆಯ ಕಾನೂನು. ಇದರಿಂದ ಅವರು "ನೌಕರರು" ಆಗುವುದಿಲ್ಲ.

ವ್ಯಾನ್ ಚಾಲಕರ ಹಾಗೆ ತಿಂಗಳ ಸಂಬಳಕ್ಕೆ ದುಡಿಯುವ ನೌಕರರಿಗೆ ದೇಶದ ವೇತನ ಸಂಹಿತೆ ಇದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸ ಬಿಟ್ಟರೆ ಅಥವಾ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಮಾಡಬೇಕು. ಬಾಕಿ ಕೇಳಲು ಮೂರು ವರ್ಷದ ಅವಧಿ ಇದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅರ್ಜಿ ಕೊಡಬೇಕು.

ರಾಜಿಗೆ ನಮ್ಮಲ್ಲಿ ಲೋಕ ಅದಾಲತ್ ಇದೆ. ಫೀಸು ಇಲ್ಲ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಆದರೆ ನೆನಪಿಡಿ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಒಪ್ಪುವ ಮೊದಲೇ ಯೋಚಿಸಬೇಕು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೂ ಸಿಗುತ್ತದೆ. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಸಹಿಗೆ ಮೊದಲು ಏಳು ಪ್ರಶ್ನೆ

1. ನನ್ನ ಲೆಕ್ಕದ ಪ್ರಕಾರ ನಿಜವಾದ ಬಾಕಿ ಎಷ್ಟು? ಅವರು ಕೊಡುವುದು ಅದರಲ್ಲಿ ಎಷ್ಟು ಭಾಗ?
2. ಹಣ ಯಾವತ್ತು, ಹೇಗೆ ಬರುತ್ತದೆ? ತಾರೀಕು ಬರೆದಿದೆಯೇ? ಬ್ಯಾಂಕ್ ಖಾತೆಗೆ ಬರುತ್ತದೆಯೇ?
3. ಯಾವ ಯಾವ ಹಕ್ಕು ಬಿಟ್ಟುಕೊಡುತ್ತಿದ್ದೇನೆ? ಅಪಘಾತದ ಪರಿಹಾರ, ಪಿ.ಎಫ್. ಇವೂ ಅದರಲ್ಲಿ ಸೇರಿವೆಯೇ?
4. ಖಾಲಿ ಜಾಗ ಬಿಟ್ಟಿದ್ದಾರೆಯೇ? ಖಾಲಿ ಹಾಳೆಗೆ ಸಹಿ ಯಾವತ್ತೂ ಬೇಡ.
5. ಓದಲು ಗೊತ್ತಿರುವ ಭಾಷೆಯಲ್ಲಿದೆಯೇ? ಇಲ್ಲದಿದ್ದರೆ ನಂಬಿಕಸ್ಥರಿಂದ ಓದಿಸಿಕೊಂಡೆನೇ?
6. ನನ್ನ ಹಾಗೆ ಬಾಕಿ ಇರುವವರು ಇನ್ನೂ ಇದ್ದಾರೆಯೇ? ಒಟ್ಟಿಗೆ ಕೇಳಬಹುದೇ?
7. ಒಂದು ಪ್ರತಿ ನನ್ನ ಕೈಯಲ್ಲಿ ಉಳಿಯುತ್ತದೆಯೇ?

ಇದಕ್ಕೆಲ್ಲ ಆಧಾರ ದಾಖಲೆ. ಮನೆಯಲ್ಲಿ ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಇಡಿ. ಎಷ್ಟು ಗಂಟೆಗೆ ಹೋದ, ಎಷ್ಟು ಗಂಟೆಗೆ ಬಂದ, ಎಷ್ಟು ಸಿಕ್ಕಿತು, ಪೆಟ್ರೋಲಿಗೆ ಎಷ್ಟು ಹೋಯಿತು ಎಂದು ದಿನಾ ಬರೆಯಿರಿ. ಮೊಬೈಲಿನಲ್ಲಿ ಬರುವ ದಿನದ ಲೆಕ್ಕದ ಫೋಟೋ ತೆಗೆದಿಡಲು ಹೇಳಿ. ಸಂಘದ ಪಾಸ್‌ಬುಕ್ಕನ್ನು ಇಷ್ಟು ಚೆನ್ನಾಗಿ ಬರೆಯುವ ನಿಮಗೆ ಇದು ಕಷ್ಟವಲ್ಲ.

ಆ ತಾಯಿಯ ಮಗ ಏನು ಮಾಡಿದ?

ಮರುದಿನ ಕಾಗದದ ಫೋಟೋ ಬಂತು. ಇಂಗ್ಲಿಷಿನಲ್ಲಿತ್ತು. ಸಂಬಳ ಮಾತ್ರವಲ್ಲ, ಯಾವ ಕಾರಣಕ್ಕೂ, ಯಾವ ಕಚೇರಿಯಲ್ಲೂ, ಮುಂದೆಂದೂ ಏನನ್ನೂ ಕೇಳುವುದಿಲ್ಲ ಎಂದು ಬರೆದಿತ್ತು. ಹಣ ಕೊಡುವ ತಾರೀಕಿನ ಜಾಗ ಖಾಲಿ. ಹುಡುಗ ತನ್ನ ಫೋನಿನಲ್ಲಿದ್ದ ಸಂದೇಶಗಳನ್ನು ನೋಡಿ ಲೆಕ್ಕ ಬರೆದ. ಬಾಕಿ 21,400 ಆಯಿತು. ಜೊತೆಗೆ ದುಡಿದ ಇನ್ನಿಬ್ಬರೂ ಬಂದರು. ಮೂವರೂ ಸೇರಿ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರು. ಎರಡು ತಿಂಗಳ ನಂತರ ಅವನಿಗೆ 17,000 ರೂಪಾಯಿಗೆ ರಾಜಿ ಆಯಿತು, ಕನ್ನಡದಲ್ಲಿ ಬರೆದು, ತಾರೀಕು ಹಾಕಿ, ಸಂಬಳದ ಬಾಕಿಗೆ ಮಾತ್ರ.

ಪೂರ್ತಿ ಸಿಗಲಿಲ್ಲ. "4,400 ಬಿಟ್ಟೆವಲ್ಲ ಸಿಸ್ಟರ್" ಎಂದು ಆ ತಾಯಿ ಸ್ವಲ್ಪ ಬೇಸರ ಮಾಡಿಕೊಂಡರು. ನಾನು ಹೇಳಿದೆ: "ಬಿಟ್ಟದ್ದು ನೀವೇ ಅಮ್ಮಾ, ಲೆಕ್ಕ ಗೊತ್ತಿದ್ದು ಬಿಟ್ಟಿರಿ. ಮೊದಲಿನ ಕಾಗದದಲ್ಲಿ ಎಷ್ಟು ಬಿಡ್ತಾ ಇದ್ದೇವೆ ಅಂತಲೇ ಗೊತ್ತಿರಲಿಲ್ಲ."

ಆ ಹಣದಲ್ಲಿ ಮೊದಲು ಸಂಘದ ಎರಡು ಕಂತು ಕಟ್ಟಿದರು.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಎಷ್ಟು ಮನೆಯವರು ಡೆಲಿವರಿ ಅಥವಾ ಚಾಲಕ ಕೆಲಸದಲ್ಲಿದ್ದಾರೆ? ಅವರು ಸಂಬಳದ ನೌಕರರೇ, "ಪಾರ್ಟ್ನರ್" ಎಂದು ಬರೆಸಿಕೊಂಡವರೇ?
2. ಖರ್ಚು ಕಳೆದರೆ ಗಂಟೆಗೆ ಎಷ್ಟು ಉಳಿಯುತ್ತದೆ? ಒಂದು ಮನೆಯ ಲೆಕ್ಕವನ್ನು ಎಲ್ಲರೂ ಸೇರಿ ಹಾಕಿ ನೋಡಿ.
3. ಉಬರ್ ಚಾಲಕರ ಮೊದಲ ರಾಜಿಯನ್ನು ನ್ಯಾಯಾಧೀಶರು ನಿರಾಕರಿಸಿದ್ದು ಸರಿಯೇ? ಹೊರಗೆ ಉಳಿದವರ ಕಡೆಯಿಂದಲೂ ಯೋಚಿಸಿ.
4. ಇದುವರೆಗೆ ಓದದೆ ಸಹಿ ಹಾಕಿದ ಕಾಗದ ನಮ್ಮ ಮನೆಯಲ್ಲಿ ಯಾವುದಾದರೂ ಇದೆಯೇ? ಮುಂದಿನ ಸಭೆಗೆ ತನ್ನಿ, ಸೇರಿ ಓದೋಣ.

ಈ ತಿಂಗಳ ನಿರ್ಣಯ: ದುಡಿಮೆಯ ನೋಟ್‌ಬುಕ್ ಇಡದ ಮನೆಗಳಲ್ಲಿ ಮುಂದಿನ ಸಭೆಯೊಳಗೆ ಒಂದು ಶುರುಮಾಡುವುದು. ಪ್ರೇರಕಿಯರು ಅದನ್ನು ನಡಾವಳಿಯಲ್ಲಿ ಬರೆಸಬೇಕಾಗಿ ವಿನಂತಿ.